ಸೌನಾದಲ್ಲಿಟ್ಟ ಸೋನಾ ಮಸೂರಿ

ತಾಂಪೆರೆಗೆ ಬಂದ ಮೊದಲ ಎರಡು ವರ್ಷ ನಮ್ಮ ಮನೆಯ ಸೌನಾದೊಳಗೆ ಇದ್ದದ್ದು ಎರಡು ಚೀಲ ಸೋನಾ ಮಸೂರಿ, ಒಂದು ಡಬ್ಬ ಹುಣಸೆಹಣ್ಣು, ಊರಿಂದ ತಂದ ದೊಡ್ಡ ಸೂಟ್‌ಕೇಸು, ಮಗನಿಗೆ ಚಿಕ್ಕದಾದ ಹಿಮದ ಬೂಟು. ಫಿನ್ಲೆಂಡಿನ ಎಷ್ಟೋ ಫ್ಲ್ಯಾಟುಗಳಲ್ಲಿ ಬಚ್ಚಲಿಗೆ ಅಂಟಿಕೊಂಡೇ, ಬಿಸಿಯಲ್ಲಿ ಕೂತು ಬೆವರೋದಕ್ಕೆ ಅಂತ, ಹೀಗೊಂದು ಮರದ ಗೂಡು ಇರುತ್ತದೆ. ನಮ್ಮದು ಐದಡಿಗೆ ಆರಡಿ. ಮೆಟ್ಟಿಲಿನ ಹಾಗೆ ಎರಡು ಹಂತದ ಹಲಗೆ, ಮೂಲೆಯಲ್ಲಿ ಕಲ್ಲು ತುಂಬಿದ ಕರೆಂಟಿನ ಒಲೆ. ಬಾಡಿಗೆ ಅದಕ್ಕೂ ಸೇರಿಸಿಯೇ ಕೊಡುತ್ತೇವಲ್ಲ, ಖಾಲಿ ಬಿಡೋದ್ಯಾಕೆ ಅಂತ ಉಗ್ರಾಣ ಮಾಡಿಕೊಂಡಿದ್ದೆವು. ಇಲ್ಲಿ ನಮಗೆ ಗೊತ್ತಿರುವ ಕನ್ನಡದವರ ಮನೆಗಳಲ್ಲೂ ಹೀಗೇ. ಸೋನಾ ಇಡೋದಕ್ಕೇ ಸೌನಾ ಅನ್ನೋದು ನಮ್ಮೊಳಗಿನ ಹಳೇ ಜೋಕು.

ಜೋಕು ನಿಂತದ್ದು ಕೆಳಮನೆ ಅಜ್ಜಿಯಿಂದ. (ಅಜ್ಜಿ ಅಂತ ಬರೆಯುತ್ತಿರುವುದು ನಿಮಗೋಸ್ಕರ. ಎಪ್ಪತ್ತು ದಾಟಿದ ಅವರನ್ನು ನಾನು ಎದುರಿಗೆ ಹೆಸರು ಹಿಡಿದೇ ಕರೆಯೋದು. ಇಲ್ಲಿ ಹಾಗೇ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು.) ನಿವೃತ್ತ ನರ್ಸು. ಕಾಡಿನ ಬ್ಲೂಬೆರಿ ಜಾಮ್ ಕೊಡಲು ಬಂದವರು ಕೈ ತೊಳೆಯಲು ಬಚ್ಚಲಿಗೆ ಹೋದರು. ಅರೆತೆರೆದ ಬಾಗಿಲಿನಿಂದ ಒಲೆಯ ಮೇಲೆ ಅಂಗಾತ ಮಲಗಿದ್ದ ಅಕ್ಕಿ ಚೀಲ ಕಂಡಿತು. ಮುಖ ಬಿಳಿಚಿಕೊಂಡಿತು. ಮಗು ಆಟವಾಡುತ್ತ ಆ ಗುಂಡಿ ತಿರುಗಿಸಿದರೆ ಏನು ಗತಿ ಅಂತ ಕೇಳಿದರು. ನಾವು ಗಂಡ ಹೆಂಡತಿ ಅದನ್ನು ಯೋಚಿಸಿಯೇ ಇರಲಿಲ್ಲ. ಸೌನಾವನ್ನು ಉಗ್ರಾಣ ಮಾಡಿಕೊಂಡು ಮನೆಗೆ ಬೆಂಕಿ ಬಿದ್ದದ್ದು ಇಲ್ಲಿ ಹೊಸ ಸುದ್ದಿಯೇ ಅಲ್ಲವಂತೆ. ಅವತ್ತೇ ಅಕ್ಕಿ ಮಂಚದಡಿಗೆ ಹೋಯಿತು.

ಸೌನಾ ಖಾಲಿಯಾಯಿತಲ್ಲ, ಇನ್ನು ಉಪಯೋಗಿಸಿಯೇ ಬಿಡೋಣ ಅಂತ ಆ ಶನಿವಾರ ಹೊರಟೆವು. 55 ಲಕ್ಷ ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾ ಇವೆ ಅಂತಾರೆ. ಅಂದರೆ ಇಬ್ಬರಿಗೆ ಒಂದಕ್ಕಿಂತ ಹೆಚ್ಚು. ಇಲ್ಲಿನ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿದೆ. ಇಷ್ಟು ಜನಕ್ಕೆ ಬರುವ ವಿದ್ಯೆ ನಮಗೆ ಬಾರದೇ ಇರುತ್ತದಾ? ಗುಂಡಿಯನ್ನು ಕೊನೇವರೆಗೆ ತಿರುಗಿಸಿದೆವು. ಮುಳ್ಳು 100 ಡಿಗ್ರಿ ಮುಟ್ಟಿತು. ಮಧ್ಯಾಹ್ನದ ಊಟ ಇನ್ನೂ ಗಂಟಲಲ್ಲೇ ಇತ್ತು, ಬಿಸಿಬೇಳೆಭಾತು ಬೇರೆ. ನೇರ ಮೇಲಿನ ಹಲಗೆ ಹತ್ತಿ ಕೂತೆವು. ನಮ್ಮ ಮನೆಯವರು ಮೊಬೈಲಿನಲ್ಲಿ ಹದಿನೈದು ನಿಮಿಷದ ಗಡಿಯಾರ ಇಟ್ಟು, ಮೊದಲು ಎದ್ದವರು ಪಾತ್ರೆ ತೊಳೀಬೇಕು ಅಂದರು.

ಮೂರನೇ ನಿಮಿಷಕ್ಕೆ ಕುತ್ತಿಗೆಗೆ ಯಾರೋ ಕಡ್ಡಿ ಗೀರಿ ಇಟ್ಟ ಹಾಗಾಯಿತು. ಕರಿಮಣಿ! ಆ ಬಿಸಿಯಲ್ಲಿ ಚಿನ್ನ ಕಾದ ಕಾವಲಿಯಾಗಿರುತ್ತದೆ ಅನ್ನುವ ಅಂದಾಜು ನನಗಿರಲಿಲ್ಲ. ಬಗ್ಗಿ ಅದನ್ನು ಎತ್ತಿ ಹಿಡಿಯುವಾಗ ಹಣೆಯ ಸ್ಟಿಕ್ಕರ್ ಬೆವರಿಗೆ ಜಾರಿ ನೀರಿನ ಬಕೆಟ್ಟಿಗೆ ಬಿತ್ತು. ಬಾಗಿಲು ತಳ್ಳಿ ಹೊರಗೆ ಬಂದವಳು ಬಚ್ಚಲ ನೆಲದ ಮೇಲೇ ಕೂತೆ, ತಲೆ ತಿರುಗುತ್ತಿತ್ತು. ಕೊರಳಿನಲ್ಲಿ ಸಾಸಿವೆ ಕಾಳಿನಂಥ ಎರಡು ಬೊಕ್ಕೆ ವಾರವಿಡೀ ಇದ್ದವು. ಪಾತ್ರೆ ನಾನೇ ತೊಳೆದೆ. ಸಂಡಿಗೆ ಒಣಗಿಸೋದಕ್ಕೆ ಬಿಟ್ಟರೆ ಈ ಗೂಡು ಮತ್ಯಾವುದಕ್ಕೂ ಲಾಯಕ್ಕಿಲ್ಲ ಅಂತ ತೀರ್ಮಾನಿಸಿದೆ. (ಒಣಗಿಸಿಯೂ ಇದ್ದೇನೆ. ಚೆನ್ನಾಗಿ ಒಣಗುತ್ತದೆ.)

ಈ ಪಂದ್ಯದ ಹುಚ್ಚು ನಮ್ಮೊಬ್ಬರದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹೈನೊಲಾ ಅನ್ನುವ ಊರಿನಲ್ಲಿ 1999ರಿಂದ ಸೌನಾದಲ್ಲಿ ಕೂರುವ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯುತ್ತಿತ್ತು. 110 ಡಿಗ್ರಿ ಶಾಖ, ಅರ್ಧ ನಿಮಿಷಕ್ಕೊಮ್ಮೆ ಅರ್ಧ ಲೀಟರ್ ನೀರು ಕಲ್ಲಿಗೆ. 2010ರ ಫೈನಲ್‌ನಲ್ಲಿ ರಷ್ಯಾದ ಸ್ಪರ್ಧಿಯೊಬ್ಬರು ತೀರಿಕೊಂಡರು. ಅಲ್ಲಿಗೆ ಆ ಸ್ಪರ್ಧೆ ನಿಂತಿತು. ಅಜ್ಜಿಯ ಮುಂದೆ ಅದರ ಮಾತೆತ್ತಿದರೆ ಈಗಲೂ ಮುಖ ಕಿವುಚುತ್ತಾರೆ.

ನನ್ನ ಕೊರಳಿನ ಬೊಕ್ಕೆ ನೋಡಿದ ಅಜ್ಜಿ ನಗಲಿಲ್ಲ. ಮುಂದಿನ ಶನಿವಾರ ತಮ್ಮ ಹಳ್ಳಿಮನೆಗೆ ಕರೆದರು. ಊರಿಂದ ಒಂದು ಗಂಟೆ ದಾರಿ. ಕೆರೆ ಅನ್ನಲು ದೊಡ್ಡದು, ಸರೋವರ ಅನ್ನಲು ಸಂಕೋಚವಾಗುವ ನೀರು. ಅದರ ದಡದಲ್ಲಿ ಮರದ ದಿಮ್ಮಿಯ ಪುಟ್ಟ ಸೌನಾ, ಸೌದೆ ಒಲೆಯದು. ಶನಿವಾರಕ್ಕೆ ಫಿನ್ನಿಷಿನಲ್ಲಿ ‘ಲೌವಂತಾಯ್’ ಅಂತಾರೆ. ಅದು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದ ಪದ, ಮೂಲದಲ್ಲಿ ‘ಸ್ನಾನದ ದಿನ’. ನಮ್ಮ ತೀರ್ಥಹಳ್ಳಿ ಮನೆಯಲ್ಲೂ ಶನಿವಾರವೇ ಗಂಡಸರ ಎಣ್ಣೆಸ್ನಾನ. ಸಂಜೆ ಮೂರಕ್ಕೆ ಅಜ್ಜಿ ಬರ್ಚ್ ಮರದ ಸೀಳು ಒಟ್ಟಿ, ಅದೇ ಮರದ ತೊಗಟೆಯಲ್ಲಿ ಬೆಂಕಿ ಹಚ್ಚಿದರು. ಅಡಿಕೆ ಸೋಗೆ ಹಾಕಿ ಹಂಡೆ ಒಲೆ ಹೊತ್ತಿಸುತ್ತಿದ್ದ ನನ್ನ ಅಜ್ಜಿಯ ಕೈಯೇ ಅದು. ಊದುಕೊಳವೆಯೊಂದು ಇರಲಿಲ್ಲ, ಅಷ್ಟೇ.

ಒಲೆ ಉರಿಯುತ್ತಿದ್ದ ಎರಡು ಗಂಟೆ ನಾವು ಆಲೂಗಡ್ಡೆ ಹೆಚ್ಚಿದೆವು, ನೀರು ಹೊತ್ತೆವು, ಸುಮ್ಮನೆ ಕೂತೆವು. ಫ್ಲ್ಯಾಟಿನಲ್ಲಿ ಗುಂಡಿ ತಿರುಗಿಸಿ ಒಳಗೆ ನುಗ್ಗಿದಾಗ ನಾನು ಕಳೆದುಕೊಂಡದ್ದು ಇದನ್ನೇ. ಬಚ್ಚಲೊಲೆ ಮುಂದೆ ಕೂತು ಬೆಂಕಿ ಕಾಯಿಸುತ್ತ, ನೀರು ಕಾಯಲಿ ಅಂತ ಕಾದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಹೋಗುವ ಮೊದಲು ಅಜ್ಜಿ ನನ್ನ ಕಡೆ ನೋಡಿ ಸರ, ಬಳೆ, ಓಲೆ ಎಲ್ಲ ತೆಗೆಸಿದರು. ಮೈ ತೊಳೆದುಕೊಂಡು ಬಾ ಅಂದರು. ಸೌನಾದೊಳಗೆ ಕೊಳೆ ತೊಳೆಯೋದಲ್ಲ, ತೊಳೆದುಕೊಂಡೇ ಹೋಗೋದು. ಒಂದು ದೊಡ್ಡ ಲೋಟ ನೀರು ಕುಡಿಸಿದರು. ಊಟ ಆಮೇಲೆ. ಬಟ್ಟೆಯ ಮಾತು ಬಂದೇ ಬರುತ್ತದೆ, ಹೇಳಿಬಿಡುತ್ತೇನೆ: ಇಲ್ಲಿ ಹೆಂಗಸರು ಹೆಂಗಸರ ಜೊತೆ, ಗಂಡಸರು ಗಂಡಸರ ಜೊತೆ, ಇಲ್ಲವೇ ಮನೆಯವರೇ ಒಟ್ಟಿಗೆ, ಬಟ್ಟೆ ಇಲ್ಲದೆ ಕೂರುವುದು ಮಾಮೂಲು. ಯಾರೂ ಯಾರನ್ನೂ ನೋಡುವುದಿಲ್ಲ. ನನಗೆ ಆಗಲಿಲ್ಲ. ಊರಿನ ತೆಳ್ಳನೆ ಬೈರಾಸು ಸುತ್ತಿಕೊಂಡೆ. ಯಾರೂ ತಪ್ಪು ತಿಳಿಯಲಿಲ್ಲ. ದಪ್ಪ ಟರ್ಕಿ ಟವೆಲ್ಲಿಗಿಂತ ಬೈರಾಸೇ ಮೇಲು, ಬೇಕಾದರೆ ನೋಡಿ.

ಶಾಖ 70ರ ಆಸುಪಾಸು. ಅಷ್ಟೇನಾ ಅಂದೆ. ಅಜ್ಜಿ ಮೇಲಿನ ಹಲಗೆಯ ಮೇಲೆ ಕಾಲು ಮಡಚಿ ಕುಕ್ಕರಗಾಲಲ್ಲಿ ಕೂತು, ನನಗೂ ಕಾಲು ಮೇಲೆ ಎಳೆದುಕೋ ಅಂದರು. ಬಿಸಿಗಾಳಿ ಮೇಲೇರಿ ಚಾವಣಿಯಡಿ ನಿಲ್ಲುತ್ತದೆ. ಕಾಲು ಕೆಳಗೆ ಇಳಿಬಿಟ್ಟರೆ ತಲೆ ಬೇಯುತ್ತದೆ, ಪಾದ ಚಳಿಗೆ ಕೊರೆಯುತ್ತದೆ. ನಮ್ಮ ಫ್ಲ್ಯಾಟಿನಲ್ಲಿ ನಾನು ಕುರ್ಚಿಯಲ್ಲಿ ಕೂತ ಹಾಗೆ ಕೂತಿದ್ದೆ. ಹಿರಿಯರ ಮುಂದೆ ಕಾಲು ಮೇಲೆ ಹಾಕಬೇಡ ಅಂತ ಬೆಳೆಸಿದವಳಿಗೆ ಇದೇ ಸರಿಯಾದ ಆಸನ ಅಂತ ಹೇಗೆ ಹೊಳೆಯಬೇಕು?

ಆಮೇಲೆ ಅವರು ಮರದ ಸೌಟಿನಲ್ಲಿ ಅರ್ಧದಷ್ಟು ಮಾತ್ರ ನೀರು ತೆಗೆದು, ಕಲ್ಲಿನ ಮೇಲೆ ಸುತ್ತಲೂ ಬೀಳುವ ಹಾಗೆ ಬೀರಿದರು. ಒಗ್ಗರಣೆ ಹಾಕುವಾಗಿನ ಚುಂಯ್ ಅಲ್ಲ, ಉಫ್ ಅಂತ ಒಂದು ಉಸಿರು. ಐದಾರು ಕ್ಷಣ ಏನೂ ಇಲ್ಲ. ಆಮೇಲೆ ಬಿಸಿ ಚಾವಣಿಯಿಂದ ಬಗ್ಗಿ, ಹೆಗಲ ಮೇಲೆ ಇಳಿದು, ಬೆನ್ನು ಸವರಿಕೊಂಡು ಹೋಯಿತು. ಇದಕ್ಕೆ ಅವರ ಭಾಷೆಯಲ್ಲಿ ‘ಲೊಯ್ಲು’ ಅಂತಾರೆ. ನಮ್ಮ ಲಿಪಿಯಲ್ಲಿ ಅದರ ಸ್ವರ ಸಿಗುವುದಿಲ್ಲ, ಹತ್ತಿರದ್ದು ಬರೆದಿದ್ದೇನೆ. ಕಲ್ಲಿನಿಂದ ಎದ್ದ ಹಬೆಗೆ ಮಾತ್ರ ಈ ಹೆಸರು. ಅನ್ನದ ಪಾತ್ರೆಯ ಹಬೆಗೆ ಬೇರೆ ಪದ. ಹಳೇ ಕಾಲದಲ್ಲಿ ಈ ಪದಕ್ಕೆ ಉಸಿರು, ಪ್ರಾಣ ಅನ್ನುವ ಅರ್ಥ ಇತ್ತು. ಇದನ್ನು ಆಫೀಸಿನಲ್ಲಿ ಹೇಳಿದರೆ ಚೆನ್ನೈನ ಗೆಳತಿ ಥಟ್ಟನೆ, “ನಮ್ಮಲ್ಲೂ ಆವಿ ಅಂದರೆ ಹಬೆಯೂ ಹೌದು, ಆತ್ಮವೂ ಹೌದು” ಅಂದಳು. ನಮ್ಮ ಕನ್ನಡದಲ್ಲಿ ಆವಿ ಬರೀ ಹಬೆಯಾಗಿ ಉಳಿದಿದೆ.

ಬಿಸಿ ಅಷ್ಟು ಬೇಗ ಮೈಗೆ ಹತ್ತುವುದಕ್ಕೆ ಕಾರಣ ಇದೆ. ಒಣಗಾಳಿ 80 ಡಿಗ್ರಿ ಇದ್ದರೂ ತಡೆದುಕೊಳ್ಳಬಹುದು, ಯಾಕೆಂದರೆ ಬೆವರು ಆರುತ್ತ ಮೈ ತಂಪು ಮಾಡುತ್ತಿರುತ್ತದೆ. ಹಬೆ ತುಂಬಿದಾಗ ಆ ಕೋಣೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ನಮ್ಮ ಚರ್ಮ. ಹಬೆ ಬಂದು ಅದರ ಮೇಲೆ ಹನಿಯಾಗುತ್ತದೆ, ಆಗುವಾಗ ಹೊತ್ತು ತಂದ ಶಾಖವನ್ನೆಲ್ಲ ನಮಗೆ ಕೊಟ್ಟುಬಿಡುತ್ತದೆ. ತಣ್ಣನೆ ಮಜ್ಜಿಗೆ ಲೋಟದ ಹೊರಮೈ ಬೆವರುತ್ತದಲ್ಲ, ಹಾಗೆ. ಇಲ್ಲಿ ಲೋಟ ನಾವು. ಅದಕ್ಕೇ ಮುಳ್ಳು 100ಕ್ಕೆ ಏರಿಸುವುದರಿಂದ ಏನೂ ಬರುವುದಿಲ್ಲ. 70ರಲ್ಲಿ ಸ್ವಲ್ಪ ಸ್ವಲ್ಪ ನೀರು ಬೀರುತ್ತ ಕೂತರೆ ಸಿಗುವ ಮೃದುವಾದ ಬಿಸಿಯೇ ಬೇರೆ. ಸೌಟು ತುಂಬ ನೀರು ಒಂದೇ ಕಡೆ ಸುರಿದರೆ ಕಲ್ಲು ತಣ್ಣಗಾಗಿ, ನೀರು ಹಬೆಯಾಗದೆ ತಳಕ್ಕೆ ಸೋರುತ್ತದೆ. ನನ್ನ ಯಜಮಾನರು ಇದನ್ನು ಇನ್ನೂ ಕಲಿತಿಲ್ಲ.

ಬೆವರು ಧಾರಾಕಾರವಾದಾಗ, ‘ಇನ್ನೊಂದು ಸ್ವಲ್ಪ ಇರೋಣ’ ಅನ್ನಿಸುವಾಗಲೇ ಅಜ್ಜಿ ಎದ್ದರು. ಗಡಿಯಾರ ಎಲ್ಲೂ ಇರಲಿಲ್ಲ. ಹೊರಗೆ ಅಕ್ಟೋಬರಿನ ಸಂಜೆ, ಮೂರು ಡಿಗ್ರಿ ಇರಬಹುದು. ಜಗಲಿಯಂಥ ಕಟ್ಟೆಯ ಮೇಲೆ ಬೆಂಚು. ಕೂತೆವು. ಇಬ್ಬರ ತೋಳಿನಿಂದಲೂ ಹೊಗೆಯ ಹಾಗೆ ಆವಿ ಏಳುತ್ತಿತ್ತು. ಚಳಿ ಇದೆ ಅಂತ ಗೊತ್ತಿತ್ತು, ಆದರೆ ಅದು ನನಗೆ ಸಂಬಂಧಪಟ್ಟದ್ದಲ್ಲ ಅನ್ನಿಸಿತು. ನೀರಿನಾಚೆ ಯಾರದೋ ನಾಯಿ ಬೊಗಳಿತು, ನಿಲ್ಲಿಸಿತು. ಕಿವಿಯೊಳಗೆ ರಕ್ತ ಓಡುವ ಸದ್ದು ನಿಧಾನವಾಗುವುದು ಕೇಳಿಸುತ್ತಿತ್ತು. ಸೋಮವಾರದ ರಿಲೀಸು, ಮಗನ ವೀಸಾ ಅರ್ಜಿ, ಅಮ್ಮನ ಮಂಡಿ, ಎಲ್ಲವೂ ಇದ್ದವು, ಯಾವುದಕ್ಕೂ ಕೈಕಾಲು ಇರಲಿಲ್ಲ. ಅಜ್ಜಿ ಮಾತಾಡಲಿಲ್ಲ. ಎಂಟು ಹತ್ತು ನಿಮಿಷ ಆಗಿರಬೇಕು, ಮೊಣಕಾಲಿನ ಹತ್ತಿರ ಸಣ್ಣಗೆ ಚಳಿ ಮುಟ್ಟಿತು. ಆಗ ಒಳಗೆ ಹೋದೆವು. ಹೀಗೆ ಮೂರು ಸಲ.

ಆರು ವರ್ಷ ಆಯಿತು ಇದನ್ನು ಮಾಡುತ್ತ. ಹೊಸದಾಗಿ ಬಂದ ನಮ್ಮೂರ ಹುಡುಗರು ಕೇಳಿದರೆ ನಾನು ಹೇಳೋದು ಇಷ್ಟೇ: ಒಳಗಿನ ಹೊತ್ತಿನಷ್ಟೇ ಹೊತ್ತು ಹೊರಗೂ ಕೂತ್ಕೊಳ್ಳಿ. ಜಿಮ್ಮಿನ ಸೌನಾದಲ್ಲಿ ಹತ್ತು ನಿಮಿಷ ಬೆಂದು, ಶವರಿನಡಿ ನಿಂತು, ಬಟ್ಟೆ ಹಾಕಿಕೊಂಡು ಬಸ್ಸಿಗೆ ಓಡುವವರು ಒಬ್ಬಟ್ಟಿನ ಕಣಕ ತಿಂದು ಹೂರಣ ಬಿಟ್ಟು ಬಂದವರು.

ತಾಂಪೆರೆ ತನ್ನನ್ನು ಜಗತ್ತಿನ ಸೌನಾ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಇಲ್ಲಿ ಪಿಸ್ಪಲಾ ಗುಡ್ಡದ ಹತ್ತಿರ ರಾಯಪೋರ್ತ್ತಿ ಅಂತ ಸಾರ್ವಜನಿಕ ಸೌನಾ ಇದೆ, 1906ರದ್ದು. ಇವತ್ತಿಗೂ ನಡೆಯುತ್ತಿರುವ ಇಂಥವುಗಳಲ್ಲಿ ದೇಶದಲ್ಲೇ ಹಳೆಯದು. ಆಳೆತ್ತರದ ಒಲೆ, ದಿನಕ್ಕೊಮ್ಮೆ ಸೌದೆ ಹಾಕಿ ಕಾಯಿಸಿಬಿಟ್ಟರೆ ರಾತ್ರಿವರೆಗೂ ಅದೇ ಕಾವು. ಅಂಗಳದಲ್ಲಿ ಟವೆಲ್ ಸುತ್ತಿಕೊಂಡ ಜನ ಕಾಫಿ ಕುಡಿಯುತ್ತ ಕೂತಿರುತ್ತಾರೆ. ಪಕ್ಕದವರು ಬಡಗಿಯೋ ಪ್ರೊಫೆಸರೋ ಹೇಗೂ ತಿಳಿಯುವುದಿಲ್ಲ. ಫಿನ್ನರು ಬಸ್ ಸ್ಟಾಪಿನಲ್ಲಿ ಮಾತಾಡುವುದಿಲ್ಲ ಅಂತ ಬರೆಯುವವರೆಲ್ಲ ಒಮ್ಮೆ ಇಲ್ಲಿ ಬಂದು ಕೂರಬೇಕು. ಮೇಲಿನ ಹಲಗೆಯ ಮೇಲೆ, ಅರೆಗತ್ತಲಲ್ಲಿ, ಒಬ್ಬ ಹೆಂಗಸು ತನ್ನ ವಿಚ್ಛೇದನದ ಕಥೆಯನ್ನು ಮುಖ ತಿರುಗಿಸದೆ ನನಗೆ ಹೇಳಿದ್ದಾಳೆ.

ಚಳಿಗಾಲಕ್ಕಾದರೆ ರೌಹಾನಿಯೆಮಿ. ನಾಸಿಯಾರ್ವಿ ಸರೋವರದ ದಡ. ಗಂಡಸರು ಹೆಂಗಸರು ಒಟ್ಟಿಗೆ, ಹಾಗಾಗಿ ಈಜುಡುಪು ಕಡ್ಡಾಯ. ಹೆಪ್ಪುಗಟ್ಟಿದ ನೀರಿನಲ್ಲಿ ಬಾವಿಯ ಹಾಗೆ ತೆರೆದಿಟ್ಟ ಜಾಗ, ಅದಕ್ಕೆ ‘ಅವಂತೊ’ ಅಂತ ಹೆಸರು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಒಂಬತ್ತೂಮುಕ್ಕಾಲಿಗೆ ಎದ್ದು ಮೂರಕ್ಕೆ ಮಲಗುತ್ತಾನೆ. ಆ ಕತ್ತಲಲ್ಲಿ ಏಣಿ ಹಿಡಿದು ಇಳಿಯುವಾಗ ಮೊದಲ ಸಲ ಬಾಯಿಂದ ಬಂದದ್ದು ‘ಅಯ್ಯಮ್ಮಾ’. ಉಸಿರು ಹಿಡಿದುಕೊಂಡು ಇಳಿಯಬಾರದು, ಬಿಡುತ್ತ ಇಳಿಯಬೇಕು. ಕೈಗವಸು, ಕಾಲಿಗೆ ನೀರಿನ ಬೂಟು. ತಲೆ ಮುಳುಗಿಸುವುದು ಬೇಡ. ನಾನು ಹತ್ತು ಎಣಿಸಿ ಹತ್ತುತ್ತೇನೆ, ಅಷ್ಟು ಸಾಕು. ಮೈಯೆಲ್ಲ ಸೂಜಿ ಸೂಜಿ, ಆಮೇಲೆ ಒಂದು ವಿಚಿತ್ರ ನಗು. ಎದೆನೋವು, ಬಿಪಿ ಮಾತ್ರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಬಿಯರ್ ಏರಿಸಿಕೊಂಡವರಂತೂ ಆ ಕಡೆ ತಲೆಯನ್ನೂ ಹಾಕಬೇಡಿ.

ಆರೋಗ್ಯದ ಮಾತು ಬಂತಲ್ಲ. ಪೂರ್ವ ಫಿನ್ಲೆಂಡಿನ 2,315 ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ 2015ರಲ್ಲಿ ಬಂದ ಅಧ್ಯಯನವನ್ನು ಎಲ್ಲರೂ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುವವರಲ್ಲಿ ಹಠಾತ್ ಹೃದಯಸ್ತಂಭನದ ಸಾವು ಕಡಿಮೆ ಕಂಡಿತು ಅಂತ. ನಿಜ. ಆದರೆ ವಾರಕ್ಕೆ ಏಳು ಸಲ ಸೌನಾದಲ್ಲಿ ಕೂರಬಲ್ಲವನು ಮೊದಲೇ ಗಟ್ಟಿಮುಟ್ಟಾಗಿದ್ದು, ಬಿಡುವಾಗಿಯೂ ಇದ್ದಿರಬೇಕಲ್ಲ. ನಾನು ಹೋಗೋದು ಆಯುಷ್ಯಕ್ಕಲ್ಲ. ಅವತ್ತು ರಾತ್ರಿ ಬರುವ ನಿದ್ದೆಗೆ.

ಸೌನಾ ಆದಮೇಲೆ ಇವರು ಸಾಸೇಜು ಸುಟ್ಟು ಸಾಸಿವೆ ಹಚ್ಚಿಕೊಂಡು ತಿನ್ನುತ್ತಾರೆ, ಬಿಯರ್ ಕುಡಿಯುತ್ತಾರೆ. ನಾವು ಸಸ್ಯಾಹಾರಿಗಳು. ಇಲ್ಲಿನ ಅಂಗಡಿಗಳಲ್ಲಿ ‘ಪೀಮಾ’ ಅಂತ ಪ್ಯಾಕೆಟ್ಟು ಸಿಗುತ್ತದೆ. ಹುಳಿ ಮಜ್ಜಿಗೆಯ ಸೋದರಸಂಬಂಧಿ, ಸ್ವಲ್ಪ ಗಟ್ಟಿ ಅಷ್ಟೇ. ಅರ್ಧಕ್ಕರ್ಧ ನೀರು, ಉಪ್ಪು, ಜಜ್ಜಿದ ಶುಂಠಿ, ಕೊತ್ತಂಬರಿ ಸೊಪ್ಪು. ಬೆವರಿ ಬಂದವರಿಗೆ ಇದಕ್ಕಿಂತ ಬೇರೆ ಏನು ಬೇಕು? ಅಜ್ಜಿಯ ಫ್ರಿಜ್ಜಿನಲ್ಲೂ ಈಗ ಶುಂಠಿ ಇರುತ್ತದೆ. ಇನ್ನೊಂದು ಗುಟ್ಟು: ನಮ್ಮ ಫ್ಲ್ಯಾಟಿನ ಸೌನಾ ಆರಿಸಿ ಒಂದೆರಡು ಗಂಟೆ ಬಿಟ್ಟು, ಉಳಿದ ಬೆಚ್ಚಗೆಯಲ್ಲಿ ದೋಸೆ ಹಿಟ್ಟಿನ ಪಾತ್ರೆ ಕೆಳಗಿನ ಹಲಗೆಯ ಮೇಲಿಡುತ್ತೇನೆ. ಮೈನಸ್ ಇಪ್ಪತ್ತರ ಚಳಿಯಲ್ಲೂ ಬೆಳಿಗ್ಗೆ ಹಿಟ್ಟು ಉಕ್ಕಿರುತ್ತದೆ. ಭಾನುವಾರದ ದೋಸೆ ಶನಿವಾರದ ಸೌನಾದ ಪ್ರಸಾದ.

ಎಣ್ಣೆಯ ವಿಷಯ ಹೇಳದಿದ್ದರೆ ಅಪ್ರಾಮಾಣಿಕಳಾಗುತ್ತೇನೆ. ಎರಡನೇ ಸಲ ಹಳ್ಳಿಮನೆಗೆ ಹೋದಾಗ, ಬಿಸಿ ಅಂದರೆ ಅಭ್ಯಂಜನವೇ ಅಂದುಕೊಂಡು ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತೆ. ಬಣ್ಣ ಹಚ್ಚದ ಹಸಿ ಮರ ಎಣ್ಣೆ ಕುಡಿದುಬಿಟ್ಟಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಎರಡು ಹೆಗಲು, ನಡುವೆ ಜಡೆಯ ಗೆರೆ, ನನ್ನ ಬೆನ್ನಿನ ಫೋಟೋ ಇದ್ದ ಹಾಗೆ ಇವತ್ತಿಗೂ ಅಲ್ಲಿದೆ. ಅಜ್ಜಿ ಎರಡು ದಿನ ಬೇಜಾರಾಗಿದ್ದರು. ಈಗ ಬಂದವರಿಗೆಲ್ಲ ತೋರಿಸುತ್ತಾರೆ.

ಎರಡು ವರ್ಷದ ಹಿಂದೆ ಜೂನಿನಲ್ಲಿ ಅಮ್ಮ ಬಂದಾಗ ಮೊದಲು ನೋಡಿದ್ದೂ ಅದನ್ನೇ. “ಎಣ್ಣೆ ಜಾಸ್ತಿ ಸುರಕೊಂಡಿದೀಯ” ಅಂದಳು. ಹಳೇ ಕಾಟನ್ ಸೀರೆಯನ್ನು ಎದೆಮಟ್ಟ ಸುತ್ತಿಕೊಂಡು ಕೆಳಗಿನ ಹಲಗೆಯ ಮೇಲೆ ಕೂತಳು. ಅಜ್ಜಿ ಎಳೇ ಬರ್ಚ್ ಎಲೆಯ ಕಟ್ಟು, ಅದೇ ‘ವಿಹ್ತಾ’, ನೀರಿನಲ್ಲಿ ಅದ್ದಿ ತಂದರು.

“ಎಂಥದೇ ಅದು? ದೃಷ್ಟಿ ತೆಗೀತಾರಾ?”

“ಅಲ್ಲಮ್ಮ, ಬೆನ್ನಿಗೆ ಬಡ್ಕೊಳ್ಳೋದು.”

“ಈ ವಯಸ್ಸಲ್ಲಿ ಹೊಡೆಸ್ಕೊಳ್ಳೋಕೆ ಇಷ್ಟು ದೂರ ಬಂದೆನಾ ಮಾರಾಯ್ತಿ?”

ಅಜ್ಜಿ ತಮ್ಮ ಹೆಗಲಿಗೇ ಬಡಿದುಕೊಂಡು ತೋರಿಸಿದರು. ಕೋಣೆಯೆಲ್ಲ ಹಸಿ ಎಲೆಯ ವಾಸನೆ, ಮೊದಲ ಮಳೆ ಬಿದ್ದ ಮಾರನೇ ದಿನ ಕಾಡಿನ ಅಂಚಿನಲ್ಲಿ ಬರುವಂಥದ್ದು. ಅಮ್ಮ ಬೆನ್ನು ತಿರುಗಿಸಿದಳು. ಆಮೇಲೆ ನನ್ನ ಕೈಯಿಂದ ಸೌಟು ಕಿತ್ತುಕೊಂಡು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ಹಂಡೆಯಿಂದ ತೋಡಿ ಸುರಿದ ಅಭ್ಯಾಸದಲ್ಲಿ ಪೂರ್ತಿ ನೀರು ಸುರಿದಳು. ಮೂವರೂ ಬಗ್ಗಿ ಮೊಣಕಾಲಿಗೆ ಮುಖ ಮುಚ್ಚಿಕೊಂಡೆವು. ಅಜ್ಜಿ ನಗುತ್ತಿದ್ದರು. ಹೊರಗೆ ರಾತ್ರಿ ಹನ್ನೊಂದಾಗುತ್ತ ಬಂದರೂ ಬಿಸಿಲು. ಅಮ್ಮ ಅಜ್ಜಿ ಇಬ್ಬರಿಗೂ ಒಂದು ಪದ ಸಮಾನವಾಗಿಲ್ಲ. ನೀರಿಗೆ ಚಾಚಿದ ಹಲಗೆಯ ಮೇಲೆ ಕಾಲು ಇಳಿಬಿಟ್ಟು, ಸೊಳ್ಳೆ ಹೊಡೆಯುತ್ತ, ಮುಕ್ಕಾಲು ಗಂಟೆ ಕೂತಿದ್ದರು. ಮಂಡಿ ಹೇಗಿದೆ ಅಂತ ಕೇಳಿದೆ. “ಇದೆ. ಸುಮ್ನಿರು” ಅಂದಳು.

ಕೊನೆಗೆ ಎಲ್ಲರೂ ಎದ್ದು ಬಂದ ಮೇಲೆ ಅಜ್ಜಿ ಒಳಗೆ ಹೋಗಿ ಒಂದು ಸೌಟು ನೀರು ಕಲ್ಲಿಗೆ ಹಾಕಿ ಬಾಗಿಲು ಎಳೆದುಕೊಂಡರು. ಸೌನಾ ಕಾಯುವ ಪುಟ್ಟ ದೈವಕ್ಕೆ ಕೊನೆಯ ಪಾಲು, ಹಳೇ ಕಾಲದ ನಂಬಿಕೆ. ಅಮ್ಮನಿಗೆ ವಿವರಿಸಬೇಕಾಗಲಿಲ್ಲ. ಬಚ್ಚಲಲ್ಲಿ ಕೊನೇ ಚಂಬು ನೀರು ಹಂಡೆಯಲ್ಲಿ ಬಿಡಬೇಕು ಅಂತ ನಮ್ಮನ್ನು ಬೈದು ಬೆಳೆಸಿದವಳು ಅವಳೇ.

ಹೋದ ವರ್ಷ ನೀರು ತುಂಬುವ ಹಬ್ಬದ ಹಿಂದಿನ ವಾರ ಅಪ್ಪನ ಫೋನು ಬಂತು. ಬಚ್ಚಲುಮನೆಯ ಮೂಲೆಯಲ್ಲಿ ಇಟ್ಟಿಗೆ ಕಟ್ಟಿಸಿ ಇನ್ನೊಂದು ಒಲೆ ಮಾಡಿಸುತ್ತಿದ್ದಾರಂತೆ, ಅಮ್ಮನ ಹಟ. “ತುಂಗಾ ಹೊಳೆಯಿಂದ ನುಣ್ಣಗಿರೋ ಕಲ್ಲು ಒಂದು ಬುಟ್ಟಿ ಆರಿಸಿ ತಂದಿದೀನಿ, ಭಾಳ ಚೆನ್ನಾಗಿದಾವೆ” ಅಂದರು. ನಾನು ಕಿರುಚಿದೆ. ಹೊಳೆಕಲ್ಲಿನೊಳಗೆ ನೀರು ಸೇರಿಕೊಂಡಿರುತ್ತದೆ, ಕಾದರೆ ಸಿಡಿಯುತ್ತದೆ. ಇವರು ಇಲ್ಲಿ ಹಾಕುವುದು ಒಲಿವೀನ್ ಡಯಾಬೇಸ್, ಪೆರಿಡೊಟೈಟ್ ಅನ್ನುವ ಗಟ್ಟಿ ಕರೀ ಕಲ್ಲುಗಳು. ಅವನ್ನೂ ವರ್ಷ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ಚಾಮರಾಜನಗರದ ಕಡೆಯ ಕರಿಕಲ್ಲು ಡಯಾಬೇಸಿನ ಜಾತಿಯದೇ, ಕಲ್ಲುಕುಟಿಗರ ಹತ್ತಿರ ಚೂರು ಸಿಕ್ಕರೆ ತರಿಸಿ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದ್ರೆ ಈ ಕಲ್ಲೆಲ್ಲ ಎಂಥ ಮಾಡೋದು?”

ಹಿಂದಿನಿಂದ ಅಮ್ಮನ ದನಿ ಕೇಳಿಸಿತು. “ತುಳಸಿಕಟ್ಟೆ ಸುತ್ತ ಇಡಿ.”

ಸದ್ಯಕ್ಕೆ ಅಲ್ಲೇ ಇವೆ.